ಎಂ6ಗೆ 5, ಎಂ8ಕ್ಕೆ 6.8: ಟ್ಯಾಪ್ ಹೊಡೆಯುವ ಮೊದಲು ಡ್ರಿಲ್ ಬಿಟ್ ಆರಿಸುವ ಬಗೆ

ತೂತಿನ ಒಳಗೋಡೆಯಲ್ಲಿ ಬೋಲ್ಟ್ ಕೂರಲು ಥ್ರೆಡ್ (ಸುರುಳಿ ಎಳೆ) ಕೊರೆಯುವ ಟ್ಯಾಪ್ ಮುರಿದರೆ ಎಲ್ಲರೂ ಬೈಯುವುದು ಟ್ಯಾಪನ್ನೇ. ಮಾಲು ಸರಿ ಇಲ್ಲ ಎಂದು ಪಕ್ಕಕ್ಕೆ ಎಸೆದು ಇನ್ನೊಂದು ತರುತ್ತಾರೆ, ಅದೂ ಮುರಿಯುತ್ತದೆ. ಬಹುಪಾಲು ಸಲ ಎಡವಟ್ಟು ಆಗಿರುವುದು ಟ್ಯಾಪ್ ಕೈಗೆ ಬರುವ ಮೊದಲೇ, ತೂತು ಹಾಕುವಾಗ. ತೂತು ಬಿಗಿಯಾಗಿದ್ದರೆ ಟ್ಯಾಪ್ ಒಳಗೇ ಕಚ್ಚಿಕೊಂಡು ಮುರಿಯುತ್ತದೆ. ಸಡಿಲವಾಗಿದ್ದರೆ ಟ್ಯಾಪ್ ಸಲೀಸಾಗಿ ಇಳಿಯುತ್ತದೆ, ಆದರೆ ಮುಂದೊಂದು ದಿನ ಬೋಲ್ಟ್ ಬಿಗಿ ಮಾಡುವಾಗ ಥ್ರೆಡ್ಡೇ ಕಿತ್ತು ಕೈಗೆ ಬರುತ್ತದೆ. ಈ ಎರಡರ ನಡುವೆ ಎಂ6 ಬೋಲ್ಟಿಗೆ ಸಿಗುವ ಜಾಗ ಕಾಲು ಮಿಲಿಮೀಟರಿಗಿಂತ ಕಡಿಮೆ. ಹಾಗಾಗಿ ಬಿಟ್ ಆರಿಸುವುದನ್ನು ಅಂದಾಜಿಗೆ ಬಿಡುವಂತಿಲ್ಲ.

ಪೀಣ್ಯ, ಬೊಮ್ಮಸಂದ್ರದ ದೊಡ್ಡ ಶೆಡ್‌ಗಳಲ್ಲಿ ಈ ಅಳತೆಗಳೆಲ್ಲ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ನಿನ ಪ್ರೋಗ್ರಾಮಿನಲ್ಲಿ ಕೂತಿರುತ್ತವೆ. ಈ ಬರಹ ಕೈಯಲ್ಲಿ ಟ್ಯಾಪ್ ಹೊಡೆಯುವವರಿಗೆ: ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ, ಕಾಲೇಜಿನ ರೋಬೋ ಕಟ್ಟುತ್ತಿರುವ ಹುಡುಗ ಹುಡುಗಿಯರಿಗೆ, ಮನೆಯ ಹಿಂದಿನ ಪುಟ್ಟ ಜಾಗದಲ್ಲಿ ಬೆಂಚ್ ಡ್ರಿಲ್ ಇಟ್ಟುಕೊಂಡು ಏನಾದರೊಂದು ಮಾಡುತ್ತಿರುವವರಿಗೆ.

ಮೊದಲು ಬೋಲ್ಟ್ ಯಾವುದೆಂದು ಗೊತ್ತು ಮಾಡಿಕೊಳ್ಳಿ

ಎಂ8 ಎಂದರೆ ಬೋಲ್ಟಿನ ಹೊರ ವ್ಯಾಸ 8 ಮಿ.ಮೀ. ಅಷ್ಟು ತಿಳಿದರೆ ಸಾಲದು, ಪಿಚ್ ಗೊತ್ತಿರಬೇಕು. ಒಂದು ಥ್ರೆಡ್ಡಿನ ತುದಿಯಿಂದ ಪಕ್ಕದ ಥ್ರೆಡ್ಡಿನ ತುದಿಗೆ ಇರುವ ದೂರವೇ ಪಿಚ್. ಎಂ8ರಲ್ಲಿ ಸಾಮಾನ್ಯವಾಗಿ ಸಿಗುವ ಕೋರ್ಸ್ (ದಪ್ಪ ಎಳೆಯ) ಥ್ರೆಡ್ಡಿನ ಪಿಚ್ 1.25 ಮಿ.ಮೀ., ಫೈನ್ (ಸಣ್ಣ ಎಳೆಯ) ಥ್ರೆಡ್ಡಿನದು 1. ಹೆಸರಿನಲ್ಲಿ ಪಿಚ್ ಬರೆದಿಲ್ಲ, ಬರೀ ಎಂ8 ಎಂದಿದೆ ಎಂದರೆ ಅದು ಕೋರ್ಸ್ ಎಂದೇ ಅರ್ಥ. ಫೈನ್ ಇದ್ದರೆ ಎಂ8×1 ಎಂದು ಬಿಡಿಸಿ ಬರೆದಿರುತ್ತಾರೆ.

ಕೈಯಲ್ಲಿರುವ ಬೋಲ್ಟನ್ನು ವರ್ನಿಯರ್‌ನಲ್ಲಿ ಅಳೆದಾಗ ಸರಿಯಾಗಿ 6 ಬರಲಿಲ್ಲ, 5.85 ಬಂತು ಎಂದು ಗಾಬರಿಯಾಗಬೇಡಿ. ಬೋಲ್ಟಿನ ಹೊರ ವ್ಯಾಸ ಹೆಸರಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಸಾಮಾನ್ಯ ದರ್ಜೆಯ ಎಂ6 ಬೋಲ್ಟ್ 5.79ರಿಂದ 5.97ರ ತನಕ ಎಲ್ಲಿದ್ದರೂ ಸರಿಯೇ. ಆದರೆ ಅಳತೆ 6.3ರ ಹತ್ತಿರ ಬಂದರೆ ಅಲ್ಲೇ ನಿಲ್ಲಿ. ಅದು ಎಂ6 ಅಲ್ಲ, ಕಾಲಿಂಚಿನ ಬೋಲ್ಟ್. ಅದರ ಪಿಚ್ ಬೇರೆ, ತೂತು ಬೇರೆ, ಟ್ಯಾಪೂ ಬೇರೆ. ನಮ್ಮ ದೇಶ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದು 1956ರಲ್ಲಿ. ಹಾಗಿದ್ದರೂ ಹಳೆಯ ಲೇಥು, ಹಳೆಯ ಪಂಪು, ಹಳೆಯ ಕಬ್ಬಿಣದ ಗೇಟುಗಳಲ್ಲಿ ಇಂಚಿನ ಬೋಲ್ಟ್ ಇಂದಿಗೂ ಸಿಗುತ್ತದೆ. ಪ್ಲಂಬರ್ ಹೇಳುವ ಅರ್ಧ ಇಂಚಿನ ಥ್ರೆಡ್ಡಂತೂ ಪೈಪಿನ ಲೆಕ್ಕದ್ದು, ಅದರ ಹೊರ ವ್ಯಾಸ ಸುಮಾರು 21 ಮಿ.ಮೀ. ಇರುತ್ತದೆ. ಇಲ್ಲಿನ ಯಾವ ಲೆಕ್ಕವೂ ಅದಕ್ಕೆ ಹೊಂದುವುದಿಲ್ಲ.

ಪಿಚ್ ನೋಡಲು ಪಿಚ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವರ್ನಿಯರ್‌ನಿಂದಲೇ 10 ಥ್ರೆಡ್ಡುಗಳ ದೂರ ಅಳೆದು ಹತ್ತರಿಂದ ಭಾಗಿಸಿ. 12.5 ಬಂದರೆ ಪಿಚ್ 1.25. ಎಣಿಸುವಾಗ ಮೊದಲ ಥ್ರೆಡ್ಡಿನ ತುದಿಯನ್ನು ಸೊನ್ನೆ ಎಂದು ಹಿಡಿಯಿರಿ, ಒಂದು ಎಂದಲ್ಲ. ಅಲ್ಲಿ ತಪ್ಪಿದರೆ ಹತ್ತರ ಬದಲು ಒಂಬತ್ತನ್ನೇ ಅಳೆದಂತಾಗಿ 1.25 ಇದ್ದದ್ದು 1.12 ಎಂದು ಕಾಣುತ್ತದೆ.

ವಾಹನದ ಕೆಲಸ ಮಾಡುವವರು ಇಲ್ಲಿ ಇನ್ನೂ ಎಚ್ಚರದಿಂದಿರಬೇಕು. ಜಪಾನ್ ಮೂಲದ ಕಾರು, ಬೈಕುಗಳಲ್ಲಿ ಎಂ10×1.25 ಬೋಲ್ಟ್ ತುಂಬ ಬಳಕೆಯಲ್ಲಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ10 ಎಂದು ಕೇಳಿದರೆ ಕೊಡುವುದು 1.5 ಪಿಚ್ಚಿನದು. ಕಣ್ಣಿಗೆ ಎರಡೂ ಒಂದೇ. ಬೆರಳಲ್ಲಿ ಒಂದೆರಡು ಸುತ್ತು ಹೋದಂತೆಯೂ ಆಗುತ್ತದೆ, ಆಮೇಲೆ ಸ್ಪ್ಯಾನರ್ ಹಾಕಿದರೆ ಎರಡೂ ಹಾಳು.

ಕಳೆಯುವ ಲೆಕ್ಕ

ನಿಯಮ ಒಂದೇ ಸಾಲಿನದು: ಬೋಲ್ಟಿನ ಅಳತೆಯಿಂದ ಪಿಚ್ ಕಳೆಯಿರಿ, ಬಂದದ್ದೇ ಡ್ರಿಲ್ ಬಿಟ್ಟಿನ ಅಳತೆ. ಎಂ6ರ ಪಿಚ್ 1, ಹಾಗಾಗಿ ತೂತು 5. ಎಂ10ರ ಪಿಚ್ 1.5, ತೂತು 8.5. ಲೆಕ್ಕ ಬಾಯಲ್ಲೇ ಮುಗಿಯುತ್ತದೆ.

ದಿನನಿತ್ಯ ಬೇಕಾಗುವ ಕೋರ್ಸ್ ಥ್ರೆಡ್ಡುಗಳು ಇವು. ಒಂದು ಚೀಟಿಯಲ್ಲಿ ಬರೆದು ಡ್ರಿಲ್ ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಿ.

ಎಂ3, ಪಿಚ್ 0.5: ಬಿಟ್ 2.5
ಎಂ4, ಪಿಚ್ 0.7: ಬಿಟ್ 3.3
ಎಂ5, ಪಿಚ್ 0.8: ಬಿಟ್ 4.2
ಎಂ6, ಪಿಚ್ 1: ಬಿಟ್ 5
ಎಂ8, ಪಿಚ್ 1.25: ಬಿಟ್ 6.8
ಎಂ10, ಪಿಚ್ 1.5: ಬಿಟ್ 8.5
ಎಂ12, ಪಿಚ್ 1.75: ಬಿಟ್ 10.2
ಎಂ16, ಪಿಚ್ 2: ಬಿಟ್ 14
ಎಂ20, ಪಿಚ್ 2.5: ಬಿಟ್ 17.5

ಫೈನ್ ಥ್ರೆಡ್ಡಿನಲ್ಲಿ ಎಂ8×1ಕ್ಕೆ 7, ಎಂ10×1.25ಕ್ಕೆ 8.8, ಎಂ12×1.25ಕ್ಕೆ 10.8, ಎಂ12×1.5ಕ್ಕೆ 10.5, ಎಂ16×1.5ಕ್ಕೆ 14.5. ನಿಯಮ ಅದೇ. ಎಂ8ಕ್ಕೆ ಲೆಕ್ಕ ಹಾಕಿದರೆ 6.75 ಬರುತ್ತದೆ, ಆ ಬಿಟ್ ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ 6.8 ಎನ್ನುತ್ತೇವೆ.

ಚಾರ್ಟ್ ಹೇಳಿದ ಅಳತೆ ಎಷ್ಟು ಗಟ್ಟಿ?

ಹೆಚ್ಚಿನವರು ಚಾರ್ಟ್ ನೋಡಿ ಅಲ್ಲಿಗೇ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಕೆಲಸದ ನಿಜವಾದ ತಿಳಿವಳಿಕೆ ಶುರುವಾಗುವುದೇ ಇಲ್ಲಿಂದ.

ಸಾಮಾನ್ಯ ದರ್ಜೆಯ, ಅಂದರೆ 6ಎಚ್ ದರ್ಜೆಯ ಎಂ6 ಥ್ರೆಡ್ಡಿನ ಒಳ ವ್ಯಾಸ 4.917ರಿಂದ 5.153ರ ಒಳಗಿರಬೇಕು. ಚಾರ್ಟಿನ 5 ಈ ಹರವಿನ ನಡುವೆ ಇಲ್ಲ, ಕೆಳಗಿನ ಅಂಚಿನ ಹತ್ತಿರ ಇದೆ. ಅಂದರೆ 5.1 ಬಿಟ್ಟಿನಿಂದ ತೂತು ಹಾಕಿದರೂ ಥ್ರೆಡ್ ನಿಯಮದ ಒಳಗೇ ಇರುತ್ತದೆ. 5.2 ಹಾಕಿದರೆ ಹೊರಗೆ ಹೋಯಿತು. ಎಂ5ರ ಮಿತಿ 4.134ರಿಂದ 4.334, ಎಂ8ರದು 6.647ರಿಂದ 6.912, ಎಂ10ರದು 8.376ರಿಂದ 8.676. ಎಲ್ಲ ಕಡೆಯೂ ಚಾರ್ಟಿನ ಅಳತೆಗಿಂತ ಒಂದು ಪಾಯಿಂಟ್, ಅಂದರೆ 0.1 ಮಿ.ಮೀ. ಮೇಲೆ ಹೋಗಲು ಜಾಗವಿದೆ. ಕೆಳಗೆ ಹೋಗಲು ಎಂ6ರಂಥ ಅಳತೆಯಲ್ಲಿ ಜಾಗವೇ ಇಲ್ಲ.

ಆ ಒಂದು ಪಾಯಿಂಟಿನಿಂದ ಏನಾಗುತ್ತದೆ? ಥ್ರೆಡ್ಡಿನ ಆಳ ಎಷ್ಟು ಸಿಕ್ಕಿತು ಎಂದು ನೋಡಲು ಚಾರ್ಟುಗಳಲ್ಲಿ ಬಳಸುವ ಲೆಕ್ಕ ಹೀಗಿದೆ: ಬೋಲ್ಟಿನ ಅಳತೆಯಿಂದ ಬಿಟ್ಟಿನ ಅಳತೆ ಕಳೆದು, ಅದನ್ನು ಪಿಚ್ಚಿನ 1.299 ಪಟ್ಟಿನಿಂದ ಭಾಗಿಸಿ ನೂರರಿಂದ ಗುಣಿಸುವುದು. ಎಂ6ಗೆ 5 ಹಾಕಿದರೆ ಶೇ. 77, 5.1 ಹಾಕಿದರೆ ಶೇ. 69. ಥ್ರೆಡ್ಡಿನ ಬಲ ಈ ಪ್ರಮಾಣದಲ್ಲೇ ಇಳಿಯುವುದಿಲ್ಲ, ಏಕೆಂದರೆ ಥ್ರೆಡ್ಡಿನ ತುದಿ ತೆಳ್ಳಗಿರುತ್ತದೆ, ಭಾರ ಹೊರುವುದು ಬುಡ. ತುದಿಯಿಂದ ಒಂದು ಕೂದಲೆಳೆಯಷ್ಟು ಹೋದರೆ ಬಲಕ್ಕೆ ಬರುವ ಕೊರತೆ ಅತ್ಯಲ್ಪ. ಆದರೆ ಟ್ಯಾಪ್ ತಿರುಗಿಸಲು ಕೈಗೆ ಬೇಕಾಗುವ ಬಲ ಮಾತ್ರ ಗಣನೀಯವಾಗಿ ಕಡಿಮೆಯಾಗುತ್ತದೆ. ಟ್ಯಾಪ್ ಉಳಿಯುವುದು ಈ ಲಾಭದಿಂದ.

ಇನ್ನೊಂದು ಕಾರಣವೂ ಇದೆ. ಸ್ಟೇನ್‌ಲೆಸ್ ಸ್ಟೀಲ್, ತಾಮ್ರ, ಮೆತ್ತನೆಯ ಅಲ್ಯೂಮಿನಿಯಂನಂಥ ಲೋಹಗಳಲ್ಲಿ ಟ್ಯಾಪ್ ಕತ್ತರಿಸುವಾಗ ಲೋಹ ಸ್ವಲ್ಪ ಹಿಂಡಿಕೊಂಡು ತೂತಿನ ಒಳಭಾಗಕ್ಕೆ ಉಬ್ಬುತ್ತದೆ. 5ಕ್ಕೆ ಹಾಕಿದ ತೂತು ಟ್ಯಾಪ್ ಆದ ಮೇಲೆ 5ಕ್ಕಿಂತ ಕಿರಿದಾಗಿರುತ್ತದೆ. ಟ್ಯಾಪಿನ ಬುಡ ಗೋಡೆಗೆ ಉಜ್ಜಲು ಶುರುವಾಗುವುದು ಆಗಲೇ.

ಹಾಗಾಗಿ ನಾನು ಹೇಳುವುದು ಇಷ್ಟು. ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) 304ರಂಥ ಗಟ್ಟಿ ಲೋಹ, ಆಳದ ತೂತು, ಕೈಯಲ್ಲಿ ಹೊಡೆಯುವ ಸಣ್ಣ ಟ್ಯಾಪ್, ಈ ಮೂರರಲ್ಲಿ ಯಾವುದಿದ್ದರೂ ಒಂದು ಪಾಯಿಂಟ್ ದೊಡ್ಡ ಬಿಟ್ ತೆಗೆದುಕೊಳ್ಳಿ. ಎಂ5ಗೆ 4.3, ಎಂ6ಗೆ 5.1, ಎಂ8ಕ್ಕೆ 6.9, ಎಂ10ಕ್ಕೆ 8.6. ಬೀಡು ಕಬ್ಬಿಣ, ಹಿತ್ತಾಳೆ, ಎಂ.ಎಸ್. (ಮೈಲ್ಡ್ ಸ್ಟೀಲ್) ತಟ್ಟೆಯಲ್ಲಿ ಚಾರ್ಟಿನ ಅಳತೆಯೇ ಸರಿ. ಅಲ್ಯೂಮಿನಿಯಂ ಎರಕದಲ್ಲೂ ಚಾರ್ಟಿನ ಅಳತೆಗೇ ನಿಲ್ಲಿ, ಏಕೆಂದರೆ ಅಲ್ಲಿ ಲೋಹವೇ ದುರ್ಬಲ, ಸಿಗುವಷ್ಟು ಥ್ರೆಡ್ ಸಿಗಲಿ. ಇನ್ನು ಬಿಟ್ ಸಿಗಲಿಲ್ಲ ಎಂದು ಎಂ5ಗೆ 4, ಎಂ8ಕ್ಕೆ 6.5 ಹಾಕುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಟ್ಯಾಪ್ ಮುರಿಯಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಈ ಮೇಲಿನ ಮಿತಿಗೆ ಒಂದು ಷರತ್ತಿದೆ. ಕೈ ಡ್ರಿಲ್ಲಿನಲ್ಲಿ ಹಾಕಿದ ತೂತು ಬಿಟ್ಟಿಗಿಂತ ದೊಡ್ಡದಾಗಿಯೇ ಬರುತ್ತದೆ. ಬಿಟ್ ಅಲುಗಾಡಿದರೆ, ಅದರ ಎರಡು ಅಂಚುಗಳು ಸಮನಾಗಿ ಸಾಣೆಯಾಗಿರದಿದ್ದರೆ 5ರ ಬಿಟ್ಟೇ 5.1ರ ತೂತು ಕೊಟ್ಟುಬಿಡುತ್ತದೆ. ಅಂಥ ಬಿಟ್ಟಿನ ಮೇಲೆ ಮತ್ತೆ ಒಂದು ಪಾಯಿಂಟ್ ಸೇರಿಸಿದರೆ ಮಿತಿ ದಾಟಿದಿರಿ. ಬೆಂಚ್ ಡ್ರಿಲ್ ಇದ್ದು ಬಿಟ್ ಹೊಸದಾಗಿದ್ದರೆ ಮಾತ್ರ ಮೇಲಿನ ಅಳತೆಗೆ ಹೋಗಿ. ಕೈ ಡ್ರಿಲ್ಲಿನವರಿಗೆ ಚಾರ್ಟಿನ ಅಳತೆಯೇ ಸಾಕು, ಉಳಿದದ್ದನ್ನು ಮೆಷಿನ್ನಿನ ಅಲುಗಾಟವೇ ಕೊಡುತ್ತದೆ.

ಅನುಮಾನವಿದ್ದರೆ ಹಳೆಯ ತುಂಡೊಂದರಲ್ಲಿ ತೂತು ಹಾಕಿ ಪರೀಕ್ಷಿಸಿ. ಸಣ್ಣ ತೂತನ್ನು ವರ್ನಿಯರ್‌ನ ಒಳ ದವಡೆಯಲ್ಲಿ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ನಂಬಬೇಡಿ. ಬೇರೆ ಬಿಟ್ಟುಗಳನ್ನು ತಿರುಗಿಸಿ ಅವುಗಳ ಹಿಂಬದಿಯ ನುಣುಪಾದ ದಂಡವನ್ನು ತೂತಿಗೆ ತೂರಿಸಿ ನೋಡಿ. ಆ ದಂಡದ ಅಳತೆಯನ್ನು ಮೊದಲೇ ವರ್ನಿಯರ್‌ನಲ್ಲಿ ನೋಡಿಕೊಂಡಿರಿ, ಏಕೆಂದರೆ ಅದು ಬಿಟ್ಟಿನ ಮೇಲೆ ಬರೆದದ್ದಕ್ಕಿಂತ ತುಸು ತೆಳ್ಳಗಿರಬಹುದು. ಎಂ6ರ ತೂತಿನಲ್ಲಿ 5ರದು ಹೋಗಬೇಕು, 5.2ರದು ಹೋಗಬಾರದು.

ಅಂಗಡಿಯಲ್ಲಿ ಏನು ಕೇಳಬೇಕು

ಬೆಂಗಳೂರಿನಲ್ಲಿ ಈ ಸಾಮಾನಿಗೆ ಎಸ್‌ಜೆಪಿ ರಸ್ತೆಗೆ ಹೋಗುವುದು ವಾಡಿಕೆ. ಹೋಗುವ ಮುನ್ನ ಒಂದು ವಿಷಯ ತಿಳಿದಿರಲಿ. ಡಬ್ಬಿಯಲ್ಲಿ ಸೆಟ್ ಆಗಿ ಬರುವ ಬಿಟ್ಟುಗಳು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಅಂತರದವು: 4, 4.5, 5, 5.5, ಹೀಗೆ. ನಮಗೆ ಬೇಕಾದ 3.3, 4.2, 6.8, 10.2 ಆ ಡಬ್ಬಿಯಲ್ಲಿ ಇರುವುದೇ ಇಲ್ಲ. 4.2 ಇಲ್ಲದ್ದಕ್ಕೆ 4 ಹಾಕುವ ಅಭ್ಯಾಸ ಹುಟ್ಟುವುದು ಈ ಡಬ್ಬಿಯಿಂದಲೇ. ಈ ನಾಲ್ಕನ್ನು ಬಿಡಿಯಾಗಿ ಕೇಳಿ ಕೊಳ್ಳಿ. 3.3 ಮತ್ತು 4.2 ಬೇಗ ಮುರಿಯುತ್ತವೆ, ಎರಡೆರಡು ಇರಲಿ.

"ಅಣ್ಣ, ಎಂ8 ಟ್ಯಾಪ್ ಸೆಟ್ ಕೊಡಿ."

"ಪಿಚ್ ಎಷ್ಟು ಸಾರ್, ಒಂದೂಕಾಲಾ ಒಂದಾ?"

"ಒಂದೂಕಾಲು. ಎಚ್‌ಎಸ್‌ಎಸ್, ಹೈ ಸ್ಪೀಡ್ ಸ್ಟೀಲಿನದು ಕೊಡಿ. ಜೊತೆಗೆ 6.8 ಬಿಟ್ ಎರಡು."

"ಏಳು ಕೊಡ್ಲಾ? 6.8 ಒಳಗಿಂದ ತರಿಸಬೇಕು."

"ಬೇಡಣ್ಣ, ಕಾಯ್ತೀನಿ."

ಕಾಯಲೇಬೇಕಾದದ್ದೇ. ಎಂ8ರ ಮಿತಿ 6.912, 7 ಹಾಕಿದರೆ ದಾಟಿತು. ಏಳು ಬೇಕಾಗುವುದು ಎಂ8×1ಕ್ಕೆ.

ಕೈ ಟ್ಯಾಪ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ. ತುದಿ ಉದ್ದಕ್ಕೆ ಸಪೂರವಾಗಿರುವುದು ಟೇಪರ್, ಮಧ್ಯಮವಾದದ್ದು ಸೆಕೆಂಡ್, ತುದಿಯವರೆಗೂ ಥ್ರೆಡ್ ತುಂಬಿರುವುದು ಬಾಟಮಿಂಗ್. ಕೆಲವರು ಕೊನೆಯದನ್ನು ಪ್ಲಗ್ ಎನ್ನುತ್ತಾರೆ. ಮೆಷಿನ್ ಟ್ಯಾಪ್ ಒಂದೇ ಬರುತ್ತದೆ. ಅದರಲ್ಲಿ ಉದ್ದಕ್ಕೆ ಇರುವ ನೇರ ತೋಡಿನ ತುದಿ ಓರೆಯಾಗಿ ಕೊರೆದಿದ್ದರೆ ಗನ್ ಟ್ಯಾಪ್, ಚೂರನ್ನು ಮುಂದಕ್ಕೆ ತಳ್ಳುತ್ತದೆ, ಆಚೆ ಬದಿಗೆ ತೂರಿದ ಥ್ರೂ ಹೋಲಿಗೆ ಸರಿ. ತೋಡು ಸುರುಳಿಯಾಗಿದ್ದರೆ ಚೂರನ್ನು ಮೇಲಕ್ಕೆ ಎಳೆಯುತ್ತದೆ, ತಳ ಮುಚ್ಚಿರುವ ಬ್ಲೈಂಡ್ ಹೋಲಿಗೆ ಅದೇ ಬೇಕು.

ಫಾರ್ಮಿಂಗ್ ಟ್ಯಾಪ್ ಎಂಬುದು ಇನ್ನೊಂದಿದೆ. ಅದಕ್ಕೆ ಅಂಥ ಆಳದ ತೋಡು ಇರುವುದಿಲ್ಲ, ಏಕೆಂದರೆ ಅದು ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಥ್ರೆಡ್ ಎಬ್ಬಿಸುತ್ತದೆ. ಮೇಲಿನ ಚೀಟಿ ಅದಕ್ಕೆ ಲಾಗೂ ಆಗುವುದಿಲ್ಲ. ಅಲ್ಲಿ ಪೂರ್ತಿ ಪಿಚ್ ಬದಲು ಅರ್ಧ ಪಿಚ್ ಕಳೆಯಬೇಕು: ಎಂ4ಕ್ಕೆ 3.7, ಎಂ6ಗೆ ಸುಮಾರು 5.5, ಎಂ8ಕ್ಕೆ 7.4. ಅದನ್ನು 5ರ ತೂತಿಗೆ ಇಳಿಸಿದರೆ ಮುರಿಯದೆ ಬೇರೆ ದಾರಿಯಿಲ್ಲ. ಬೀಡಿನಂಥ ಪೆಡಸು ಲೋಹಕ್ಕೆ ಫಾರ್ಮಿಂಗ್ ಟ್ಯಾಪ್ ಬಳಸುವಂತೆಯೇ ಇಲ್ಲ.

ತೂತು ಹಾಕುವುದು

12 ಮಿ.ಮೀ. ದಪ್ಪದ ಎಂ.ಎಸ್. ಪಟ್ಟಿಯಲ್ಲಿ ಎಂ8 ಥ್ರೆಡ್ ಬೇಕು ಎಂದಿಟ್ಟುಕೊಳ್ಳಿ. ಗುರುತು ಹಾಕಿ ಸೆಂಟರ್ ಪಂಚಿನಿಂದ ಒಂದು ಏಟು ಗಟ್ಟಿಯಾಗಿ ಕೊಡಿ. ಪಟ್ಟಿಯನ್ನು ವೈಸಿನಲ್ಲಿ ಅಥವಾ ಕ್ಲ್ಯಾಂಪಿನಲ್ಲಿ ಬಿಗಿಯಿರಿ. ಕೈಯಲ್ಲಿ ಹಿಡಿದು ತೂತು ಹಾಕಬೇಡಿ. ಬಿಟ್ ಇನ್ನೊಂದು ಬದಿಗೆ ತೂರುವ ಗಳಿಗೆಯಲ್ಲಿ ಕಚ್ಚಿಕೊಂಡು ಪಟ್ಟಿಯನ್ನೇ ಗಿರ್ರನೆ ತಿರುಗಿಸುತ್ತದೆ. ಕನ್ನಡಕ ಹಾಕಿಕೊಳ್ಳಿ, ಕೈಗವಸು ತೆಗೆದಿಡಿ. ತಿರುಗುವ ಬಿಟ್ಟಿಗೆ ಗವಸು ಸಿಕ್ಕಿದರೆ ಬೆರಳೂ ಹೋಗುತ್ತದೆ.

ಮೊದಲು 3ರ ಬಿಟ್ಟಿನಿಂದ ದಾರಿ ಮಾಡಿ. ಆಮೇಲೆ 6ರದು, ಕೊನೆಗೆ 6.8. ಕೊನೆಯ ಬಿಟ್ಟಿಗೆ ಕತ್ತರಿಸಲು ಸ್ವಲ್ಪವೇ ಉಳಿದಿದ್ದರೆ ತೂತು ಅಳತೆಗೆ ಸರಿಯಾಗಿ, ನುಣುಪಾಗಿ ಬರುತ್ತದೆ. ವೇಗದ ಲೆಕ್ಕವೂ ಸುಲಭ: ಆ ಲೋಹವನ್ನು ಕತ್ತರಿಸುವ ವೇಗವನ್ನು (ನಿಮಿಷಕ್ಕೆ ಇಷ್ಟು ಮೀಟರ್ ಎಂಬ ಲೆಕ್ಕ) 318ರಿಂದ ಗುಣಿಸಿ ಬಿಟ್ಟಿನ ವ್ಯಾಸದಿಂದ ಭಾಗಿಸಿ. ಎಚ್‌ಎಸ್‌ಎಸ್ ಬಿಟ್ಟಿಗೆ ಎಂ.ಎಸ್.ನಲ್ಲಿ ನಿಮಿಷಕ್ಕೆ 25 ಮೀಟರ್ ಹಿಡಿದರೆ 6.8ಕ್ಕೆ ಸುಮಾರು 1,170 ಆರ್‌ಪಿಎಂ. ಎಸ್.ಎಸ್.ನಲ್ಲಿ 10 ಮೀಟರ್ ಹಿಡಿಯಿರಿ, ಆಗ 470ರ ಹತ್ತಿರ ಬರುತ್ತದೆ. ಎಸ್.ಎಸ್.ನಲ್ಲಿ ವೇಗ ಕಡಿಮೆ, ಒತ್ತಡ ಜಾಸ್ತಿ ಇರಬೇಕು. ಬಿಟ್ ಕತ್ತರಿಸದೆ ಒಂದೇ ಜಾಗದಲ್ಲಿ ಉಜ್ಜುತ್ತಾ ನಿಂತರೆ ಆ ಜಾಗ ಗಡುಸಾಗುತ್ತದೆ. ಆಮೇಲೆ ಬರುವ ಟ್ಯಾಪ್ ಆ ಗಡುಸನ್ನೇ ಎದುರಿಸಬೇಕು.

ತೂತಿನ ಬಾಯನ್ನು ಕೌಂಟರ್‌ಸಿಂಕ್ ಬಿಟ್ಟಿನಿಂದ ಬೋಲ್ಟಿನ ಅಳತೆಗಿಂತ ಸ್ವಲ್ಪ ಹೆಚ್ಚು, ಎಂ8ಕ್ಕೆ 8.5ರಷ್ಟು, ಓರೆ ಮಾಡಿ. ಟ್ಯಾಪ್ ನೆಟ್ಟಗೆ ಕೂರುತ್ತದೆ, ಮೊದಲ ಥ್ರೆಡ್ ಮೇಲಕ್ಕೆ ಉಬ್ಬುವುದಿಲ್ಲ.

ಎರಡು ತಟ್ಟೆಗಳನ್ನು ಜೋಡಿಸುವುದಿದ್ದರೆ ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿ 6.8ರಲ್ಲೇ ತೂತು ಹಾಕಿ. ಬಿಡಿಸಿದ ಮೇಲೆ ಮೇಲಿನ ತಟ್ಟೆಯ ತೂತನ್ನು ಮಾತ್ರ 9ಕ್ಕೆ ಹಿಗ್ಗಿಸಿ, ಕೆಳಗಿನದಕ್ಕೆ ಟ್ಯಾಪ್ ಹೊಡೆಯಿರಿ. ಎರಡೂ ತೂತು ಒಂದರ ಮೇಲೊಂದು ಕೂರದೆ ಪರದಾಡುವ ಪ್ರಮೇಯವೇ ಬರುವುದಿಲ್ಲ. ಬೋಲ್ಟ್ ಸಡಿಲವಾಗಿ ಹೋಗಬೇಕಾದ ತೂತಿಗೆ ಎಂ4ಕ್ಕೆ 4.5, ಎಂ5ಗೆ 5.5, ಎಂ6ಗೆ 6.6, ಎಂ10ಕ್ಕೆ 11.

ಎಷ್ಟು ಆಳ

ಥ್ರೆಡ್ ಎಷ್ಟು ಉದ್ದ ಬೇಕು ಎಂಬುದನ್ನು ಲೋಹ ಹೇಳುತ್ತದೆ. ಸ್ಟೀಲಿನಲ್ಲಿ ಬೋಲ್ಟಿನ ವ್ಯಾಸದಷ್ಟು ಸಾಕು, ಬೀಡಿನಲ್ಲಿ ಅದರ ಒಂದೂವರೆ ಪಟ್ಟು, ಅಲ್ಯೂಮಿನಿಯಂನಲ್ಲಿ ಎರಡು ಪಟ್ಟಿನ ತನಕ. ಅದಕ್ಕಿಂತ ಉದ್ದ ಥ್ರೆಡ್ ಹೊಡೆದು ಲಾಭವಿಲ್ಲ. ಅಷ್ಟರೊಳಗೆ ಬೋಲ್ಟೇ ತುಂಡಾಗುತ್ತದೆ, ಟ್ಯಾಪ್ ಮುರಿಯುವ ಅಪಾಯ ಮಾತ್ರ ಹೆಚ್ಚುತ್ತದೆ. 2 ಮಿ.ಮೀ. ತಗಡಿನಲ್ಲಿ ಎಂ6 ಹೊಡೆದರೆ ಎರಡೇ ಥ್ರೆಡ್ ಸಿಗುತ್ತದೆ. ಅಲ್ಲಿ ರಿವೆಟ್ ನಟ್ ಹಾಕಿ, ಇಲ್ಲವೇ ಹಿಂದೆ ನಟ್ ವೆಲ್ಡ್ ಮಾಡಿಸಿ.

ಬ್ಲೈಂಡ್ ಹೋಲಿನಲ್ಲಿ ಥ್ರೆಡ್ಡಿನ ಉದ್ದಕ್ಕೆ ಕನಿಷ್ಠ ನಾಲ್ಕೈದು ಪಿಚ್ಚಿನಷ್ಟು ಆಳ ಸೇರಿಸಿ. ಎಂ6ರಲ್ಲಿ 12 ಮಿ.ಮೀ. ಥ್ರೆಡ್ ಬೇಕಿದ್ದರೆ ತೂತು 17 ಇರಲಿ. ಈ 17 ಪೂರ್ತಿ ವ್ಯಾಸ ಇರುವ ಭಾಗದ ಲೆಕ್ಕ. ಬಿಟ್ಟಿನ ಮೊನಚು ತುದಿ ಅದಕ್ಕೂ ಕೆಳಗೆ, ವ್ಯಾಸದ ಸುಮಾರು 0.3 ಪಟ್ಟು, ಅಂದರೆ ಒಂದೂವರೆ ಮಿ.ಮೀ. ಇಳಿದಿರುತ್ತದೆ. ಕೆಳಗೆ ಅಷ್ಟು ಲೋಹ ಉಳಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಟ್ಯಾಪಿನ ಮೇಲೆ ಬೇಕಾದ ಆಳಕ್ಕೆ ಒಂದು ತುಂಡು ಇನ್ಸುಲೇಶನ್ ಟೇಪ್ ಸುತ್ತಿದರೆ ತಳಕ್ಕೆ ಗುದ್ದುವುದು ತಪ್ಪುತ್ತದೆ.

ಟ್ಯಾಪ್ ಇಳಿಸುವುದು

ಬೆಂಚ್ ಡ್ರಿಲ್ಲಿನಲ್ಲಿ ತೂತು ಹಾಕಿದ್ದರೆ ತುಂಡನ್ನು ಅಲುಗಿಸಬೇಡಿ. ಮೆಷಿನ್ನಿನ ಕರೆಂಟ್ ಪ್ಲಗ್ ಕಿತ್ತು, ಬಿಟ್ ತೆಗೆದು ಚಕ್ಕಿಗೆ ಟ್ಯಾಪ್ ಹಾಕಿ, ಕೈಯಿಂದಲೇ ಚಕ್ ತಿರುಗಿಸುತ್ತಾ ಮೊದಲ ಎರಡು ಮೂರು ಸುತ್ತು ಇಳಿಸಿ. ಟ್ಯಾಪ್ ತೂತಿಗೆ ನೆಟ್ಟಗೆ ಸಿಗುತ್ತದೆ. ಉಳಿದದ್ದನ್ನು ಟ್ಯಾಪ್ ಹ್ಯಾಂಡಲ್ಲಿನಲ್ಲಿ ಮುಗಿಸಿ. ಮೆಷಿನ್ ಇಲ್ಲದಿದ್ದರೆ ಎರಡು ಸುತ್ತು ಆದ ಮೇಲೆ ಮೂಲೆಮಟ್ಟವನ್ನು ಟ್ಯಾಪಿನ ಎರಡು ಪಕ್ಕಕ್ಕೆ ಇಟ್ಟು ನೋಡಿ. ಓರೆ ಇದ್ದರೆ ಆಗಲೇ ಬಿಚ್ಚಿ ಸರಿ ಮಾಡಿ. ಮೂರ್ನಾಲ್ಕು ಥ್ರೆಡ್ ಆದ ಮೇಲೆ ಎಳೆದು ನೆಟ್ಟಗೆ ಮಾಡಲು ಹೋದರೆ ಟ್ಯಾಪ್ ಮುರಿಯುತ್ತದೆ.

ಕೈ ಟ್ಯಾಪನ್ನು ಅರ್ಧದಿಂದ ಒಂದು ಸುತ್ತು ಮುಂದೆ ತಿರುಗಿಸಿ, ಕಾಲು ಸುತ್ತು ಹಿಂದೆ ತನ್ನಿ. ಹಿಂದೆ ತಂದಾಗ ಕಟ್ ಎಂದು ಸಣ್ಣಗೆ ಬಿಟ್ಟುಕೊಡುತ್ತದೆಯಲ್ಲ, ಅದು ಚೂರು ತುಂಡಾಗುವ ಗುರುತು. ಗನ್ ಟ್ಯಾಪಿಗೆ ಈ ಹಿಂದೆ ಮುಂದೆ ಬೇಡ. ಎಂ.ಎಸ್.ಗೆ ಕಟಿಂಗ್ ಆಯಿಲ್, ಅಲ್ಯೂಮಿನಿಯಂಗೆ ಸೀಮೆಎಣ್ಣೆ, ಎಸ್.ಎಸ್.ಗೆ ದಪ್ಪನೆಯ ಟ್ಯಾಪಿಂಗ್ ಪೇಸ್ಟ್. ಬೀಡಿಗೆ ಎಣ್ಣೆ ಬೇಡ, ಪುಡಿ ಎಣ್ಣೆಯೊಂದಿಗೆ ಕಲೆತು ಕೆಸರಿನಂತೆ ಟ್ಯಾಪಿಗೆ ಮೆತ್ತಿಕೊಳ್ಳುತ್ತದೆ. ಬ್ಲೈಂಡ್ ಹೋಲಿನಲ್ಲಿ ನಡುನಡುವೆ ಟ್ಯಾಪ್ ಪೂರ್ತಿ ಹೊರತೆಗೆದು ಬ್ರಷ್‌ನಿಂದ ಚೂರು ತೆಗೆಯಿರಿ.

ಕೈಗೆ ಬಿಗಿ ಎನಿಸಿದ ಕೂಡಲೇ ನಿಲ್ಲಿಸಿ. ಟ್ಯಾಪ್ ಹ್ಯಾಂಡಲ್ ಬಳುಕುತ್ತಿದೆ, ಆದರೆ ತುದಿ ಮುಂದೆ ಹೋಗುತ್ತಿಲ್ಲ ಎಂದರೆ ಅದು ಮುರಿಯುವುದಕ್ಕೆ ಮುಂಚಿನ ಕ್ಷಣ. ಹಿಂದೆ ಬಿಚ್ಚಿ, ಚೂರು ತೆಗೆದು, ಎಣ್ಣೆ ಹಾಕಿ ನೋಡಿ. ಮತ್ತೆ ಅಲ್ಲೇ ನಿಂತರೆ ತೂತನ್ನು ಅಳೆಯಿರಿ. ಟ್ಯಾಪ್ ಸ್ವಲ್ಪವೇ ಇಳಿದಿದ್ದರೂ ತೂತನ್ನು 6.8ರಿಂದ 6.9ಕ್ಕೆ ಹಿಗ್ಗಿಸಬಹುದು. ಬಿಟ್ ಥ್ರೆಡ್ಡಿನ ತುದಿಯನ್ನಷ್ಟೇ ಸವರುತ್ತದೆ, ಬುಡಕ್ಕೆ ಏನೂ ಆಗುವುದಿಲ್ಲ.

ಮುರಿದೇ ಹೋದರೆ

ತುದಿ ಮೇಲೆ ಕಾಣುತ್ತಿದ್ದರೆ ಇಕ್ಕಳದಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸುತ್ತಾ ಬಿಚ್ಚಿ. ಒಳಗೇ ಮುರಿದಿದ್ದರೆ ಡ್ರಿಲ್ ಬಿಟ್ ಇಳಿಸಬೇಡಿ. ಟ್ಯಾಪ್ ಬಿಟ್ಟಿನಷ್ಟೇ ಗಟ್ಟಿ, ಬಿಟ್ ಜಾರಿ ಪಕ್ಕದ ಲೋಹವನ್ನು ತಿನ್ನುತ್ತದೆ. ಸ್ಟೀಲ್ ತುಂಡಾದರೆ ಪೀಣ್ಯದ ಕಡೆ ಸ್ಪಾರ್ಕ್ ಇರೋಷನ್ ಮೆಷಿನ್ ಇಟ್ಟುಕೊಂಡವರ ಹತ್ತಿರ ಕೊಡಿ. ವಿದ್ಯುತ್ ಕಿಡಿಯಿಂದ ಟ್ಯಾಪಿನ ನಡುಭಾಗವನ್ನು ಸುಟ್ಟು ತೆಗೆಯುತ್ತಾರೆ, ಥ್ರೆಡ್ ಬಹುಮಟ್ಟಿಗೆ ಉಳಿಯುತ್ತದೆ. ಆ ಖರ್ಚಿಗೆ ಹೊಸ ಟ್ಯಾಪ್ ಹಲವು ಬರುತ್ತವೆ, ಹಾಗಾಗಿ ತುಂಡು ಬೆಲೆಬಾಳುವಂಥದ್ದಾದರೆ ಮಾತ್ರ.

ಅಲ್ಯೂಮಿನಿಯಂನಲ್ಲಿ ಮುರಿದಿದ್ದರೆ ಗ್ರಂಧಿಗೆ ಅಂಗಡಿಯ ಪಟಿಕ ಸಾಕು. ಬಿಸಿ ನೀರಿನಲ್ಲಿ ಕರಗುವಷ್ಟೂ ಪಟಿಕ ಕರಗಿಸಿ, ತುಂಡನ್ನು ಅದರಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಇಡಿ. ಪಟಿಕದ ನೀರು ಸ್ಟೀಲನ್ನು ನಿಧಾನವಾಗಿ ತಿನ್ನುತ್ತದೆ, ಅಲ್ಯೂಮಿನಿಯಂ ತಂಟೆಗೆ ಹೆಚ್ಚು ಹೋಗುವುದಿಲ್ಲ. ಟ್ಯಾಪಿನಿಂದ ಗುಳ್ಳೆ ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಎಚ್‌ಎಸ್‌ಎಸ್ ಟ್ಯಾಪಾದರೆ ಹೆಚ್ಚು ಹೊತ್ತು ಹಿಡಿಯುತ್ತದೆ, ನೀರು ಆರಿದಂತೆಲ್ಲ ಸೇರಿಸುತ್ತಿರಬೇಕು. ಆ ತುಂಡಿನಲ್ಲಿ ಬೇರೆ ಕಬ್ಬಿಣದ ಭಾಗ, ಬೇರಿಂಗ್, ಪಿನ್ ಇದ್ದರೆ ಮೊದಲೇ ಬಿಚ್ಚಿಡಿ, ಅವನ್ನೂ ತಿಂದುಬಿಡುತ್ತದೆ. ಅಡುಗೆಯ ಪಾತ್ರೆ ಬಳಸಬೇಡಿ, ಕಿಟಕಿ ತೆರೆದಿರಲಿ. ಟ್ಯಾಪ್ ಕಪ್ಪು ರಾಡಿಯಾಗಿ ಸಡಿಲಗೊಂಡ ಮೇಲೆ ಕೆದಕಿ ತೆಗೆದು, ತುಂಡನ್ನು ಚೆನ್ನಾಗಿ ತೊಳೆದು ಒಣಗಿಸಿ. ಅದೇ ತೂತಿಗೆ ಹೊಸ ಟ್ಯಾಪ್ ಇಳಿಸುವ ಮೊದಲು ಬಿಟ್ಟಿನ ದಂಡ ತೂರಿಸಿ ಅಳತೆ ನೋಡಿ. ಎಂ6ರ ತೂತಿಗೆ 5ರದು ಹೋಗದಿದ್ದರೆ ಮೊದಲ ಟ್ಯಾಪ್ ಯಾಕೆ ಮುರಿಯಿತೆಂದು ಅಲ್ಲೇ ಗೊತ್ತಾಗುತ್ತದೆ.